ಐವತ್ತರಲ್ಲಿ ಏಳು

ಮಾರ್ಚ್ 3, ಸೋಮವಾರ

ಬೆಳಗ್ಗೆ ಕಚೇರಿಯ ಮೆಟ್ಟಿಲು ಹತ್ತುವಾಗ ಸುಮ್ಮನೆ ತಲೆಯೆತ್ತಿ ನೋಡಿದೆ. ಚಾವಣಿಯ ಕಂಬದ ತುದಿಯಲ್ಲಿ ಗಾಳಿ ಅಳೆಯುವ ಬಟ್ಟಲುಗಳು ಅಲುಗದೆ ನಿಂತಿದ್ದವು. ಕೆಳಗೆ, ಕಟ್ಟಡದ ಮೂಲೆಯಲ್ಲಿ ಒಣಗಲು ಹಾಕಿದ್ದ ನೆಲ ಒರೆಸುವ ಬಟ್ಟೆ ಮಾತ್ರ ಪಟಪಟನೆ ಹೊಡೆದುಕೊಳ್ಳುತ್ತಿತ್ತು. ಒಂದೇ ಕಟ್ಟಡ, ಒಂದೇ ಗಳಿಗೆ. ಇವೆರಡರಲ್ಲಿ ಯಾವುದನ್ನು ನಂಬುವುದು? ಮೇಡಂ ಅವರನ್ನು ಕೇಳಬೇಕೆಂದುಕೊಂಡೆ. ಕೇಳಲಿಲ್ಲ. ಎಂದಿನಂತೆ.

ಸಾಹಿತ್ಯ ಓದಿದವಳಿಗೆ ಹವಾಮಾನ ಕಚೇರಿಯಲ್ಲಿ ಏನು ಕೆಲಸ ಎಂದು ಅಮ್ಮ ಇನ್ನೂ ಕೇಳುತ್ತಾಳೆ. ಕೆಲಸ ಇಷ್ಟೇ: ಮೇಡಂ ಕಂಪ್ಯೂಟರಿನಲ್ಲಿ ನೋಡಿ ಹೇಳಿದ್ದನ್ನು ನಾನು ಎರಡು ಮೂರು ವಾಕ್ಯ ಮಾಡಬೇಕು. ಸಂಜೆ ಅದು ಊರಿನವರೆಲ್ಲರ ಫೋನಿಗೆ ಹೋಗುತ್ತದೆ. ಹೊಳೆ ಕಡಲು ಸೇರುವ ಅಳಿವೆಯ ಕಟ್ಟೆಯಲ್ಲಿ, ಜನರನ್ನು ಆಚೆ ದಡಕ್ಕೆ ದಾಟಿಸುವ ಲಾಂಚಿನ ಟಿಕೆಟ್ ಕೊಡುವ ಕಿಟಕಿಯ ಗಾಜಿಗೂ ಅದನ್ನೇ ಅಂಟಿಸುತ್ತಾರೆ. ಗಾಜಿನ ಮೇಲೆ ‘ಬಲವಾದ ಗಾಳಿ’ ಎಂದಿದ್ದರೆ ಲಾಂಚ್ ಕಟ್ಟಿಹಾಕುತ್ತಾರೆ, ಇಲ್ಲದಿದ್ದರೆ ಬಿಡುತ್ತಾರೆ. ಆ ಲಾಂಚ್ ನಡೆಸುವವರಲ್ಲಿ ನಮ್ಮ ಭಾವ ಒಬ್ಬರು. ಹಾಗಾಗಿ ನಮ್ಮ ಮನೆಯಲ್ಲಿ ನನ್ನ ವಾಕ್ಯಗಳಿಗೆ ಓದುಗರ ಕೊರತೆಯಿಲ್ಲ.

ನಾನಿನ್ನೂ ಹಂಗಾಮಿ. ಕಾಯಂ ಮಾಡುವುದು ಬಿಡುವುದು ಕಚೇರಿಯ ಮುಖ್ಯಸ್ಥರಾದ ಸರ್ ಕೈಯಲ್ಲಿದೆ. ಬರೆದ ಚೀಟಿಯನ್ನು ಅವರು ಊಟಕ್ಕೆ ಹೋದಾಗ ಅವರ ಮೇಜಿನ ಮೇಲೆ, ಪೇಪರ್‌ವೇಟ್ ಕೆಳಗೆ ಇಟ್ಟು ಬರುತ್ತೇನೆ. ಎದುರಿಗೆ ನಿಂತು ಕೊಡುವ ಧೈರ್ಯ ಬಂದಿಲ್ಲ. ಇವತ್ತು ಅವರೇ ನನ್ನ ಮೇಜಿಗೆ ಬಂದರು.

“ಏನಮ್ಮ ಇದು? ‘ಮುಗಿಲು ಮನಸ್ಸು ಬದಲಿಸಬಹುದು’ ಅಂತೆ! ಮುಗಿಲಿಗೆ ಮನಸ್ಸು ಯಾವಾಗ ಬಂತು?”

ಇಡೀ ಕೋಣೆ ನಕ್ಕಿತು. ನಾನೂ ನಕ್ಕಂತೆ ಮಾಡಿದೆ.

ಮಾರ್ಚ್ 6, ಗುರುವಾರ

ಇವತ್ತು ಮೇಡಂ ಲೆಕ್ಕದ ಏರ್ಪಾಡನ್ನು ನನಗೆ ಮೊದಲ ಸಲ ತೋರಿಸಿದರು. ಪರದೆಯ ತುಂಬ ಅಂಚೆಚೀಟಿಯಷ್ಟು ಪುಟ್ಟ ಪುಟ್ಟ ನಕ್ಷೆಗಳು. ಎಲ್ಲದರಲ್ಲೂ ನಮ್ಮದೇ ಕರಾವಳಿ, ನಮ್ಮದೇ ಅಳಿವೆ. ಎಲ್ಲವೂ ನಾಳೆ ಮಧ್ಯಾಹ್ನದ್ದೇ. ಆದರೆ ಒಂದರ ಹಾಗೆ ಇನ್ನೊಂದಿಲ್ಲ.

“ಇದರಲ್ಲಿ ನಾಳೆ ಯಾವುದು ಮೇಡಂ?” ಎಂದೆ.

“ಗೊತ್ತಿಲ್ಲ.”

ಇಷ್ಟು ದೊಡ್ಡ ಕಚೇರಿಯಲ್ಲಿ, ಇಷ್ಟು ದೊಡ್ಡ ಪರದೆಯ ಮುಂದೆ ಕುಳಿತು ಅವರು ಅದನ್ನು ಎಷ್ಟು ಆರಾಮಾಗಿ ಹೇಳಿದರೆಂದರೆ ನನಗೇ ಮುಜುಗರವಾಯಿತು.

ಮೊದಲು ನಾಳೆಯ ಲೆಕ್ಕ ಒಂದೇ ಇರುತ್ತಿತ್ತಂತೆ. ಅದನ್ನು ಮುಗಿಸಲಿಕ್ಕೇ ಯಂತ್ರಕ್ಕೆ ಗಂಟೆಗಟ್ಟಲೆ ಬೇಕಾಗುತ್ತಿತ್ತು. ಈಗ ಚಹಾ ಕುಡಿದು ಬರುವಷ್ಟರಲ್ಲಿ ಐವತ್ತು ನಾಳೆಗಳು ತಯಾರು. “ಈ ಗಳಿಗೆಯ ಗಾಳಿ ನಮಗೆ ಪೂರ್ತಿ ಗೊತ್ತಿರಲ್ಲ ಕಣೆ. ಉಪಗ್ರಹ ಮೇಲಿಂದ ನೋಡುತ್ತೆ, ಗುಡ್ಡದ ಮೇಲಿನ ರೇಡಾರ್ ಪಕ್ಕದಿಂದ ನೋಡುತ್ತೆ. ಆದರೂ ಸಂದುಗೊಂದು ಉಳಿಯುತ್ತಲ್ಲ? ಆ ಗೊತ್ತಿಲ್ಲದ್ದನ್ನ ಒಂದೊಂದು ಸಲ ಒಂದೊಂದು ಥರ ತುಂಬಿ, ಐವತ್ತು ಸಲ ಓಡಿಸ್ತೀವಿ. ಐವತ್ತೂ ಒಂದೇ ಕಥೆ ಹೇಳಿದ್ರೆ ಧೈರ್ಯ. ಬೇರೆ ಬೇರೆ ಹೇಳಿದ್ರೆ ಎಚ್ಚರ.”

ಇವತ್ತು ಐದು ನಕ್ಷೆಗಳಲ್ಲಿ ಅಳಿವೆಯ ಬಾಯಿಯ ಹತ್ತಿರ ಕೆಂಪು ಮಚ್ಚೆಯಿತ್ತು. ಬಿರುಗಾಳಿ. ಉಳಿದವು ತಿಳಿ ನೀಲಿ. ಐದನ್ನು ಸಂದೇಶದಲ್ಲಿ ಹೇಗೆ ಬರೆಯಲಿ ಎಂದು ಕೇಳಿದ್ದಕ್ಕೆ ಮೇಡಂ ಸರ್ ಕೋಣೆಯ ಕಡೆ ಹುಬ್ಬು ಹಾರಿಸಿದರು. ನಿಯಮವಿದೆ: ಐದರಲ್ಲಿ ಒಂದು ಪಾಲಿಗಿಂತ ಕಡಿಮೆಯಿದ್ದರೆ ಬರೆಯುವ ಹಾಗಿಲ್ಲ. ಅಂದರೆ ಐವತ್ತರಲ್ಲಿ ಹತ್ತಾದರೂ ಬೇಕು. ‘ಗಾಳಿ ಸಾಧಾರಣ’ ಎಂದು ಬರೆದು ಪೇಪರ್‌ವೇಟ್ ಕೆಳಗಿಟ್ಟೆ.

ರಾತ್ರಿ ಊಟಕ್ಕೆ ಕೂತಾಗ ಆ ಐದು ನನ್ನ ಬಾಯಿಂದ ತಾನಾಗಿ ಜಾರಿತು. ಭಾವ ತುತ್ತು ನಿಲ್ಲಿಸಿದರು.

“ಐದು ಅಂದ್ರೆ ಬರುತ್ತೆ ಅಂತಾನೋ ಬರಲ್ಲ ಅಂತಾನೋ?”

“ಬರದೇ ಇರೋದೇ ಹೆಚ್ಚು ಭಾವ. ಆದರೆ ಬರಲ್ಲ ಅಂತ ಅಲ್ಲ.”

“ಇದೇನಮ್ಮ, ಹೆಣ್ಣು ನೋಡೋಕೆ ಬಂದೋರು ಹೇಳಿ ಹೋದ ಹಾಗಿದೆ!”

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ. “ರೀ, ಒಂದು ಬಸ್ಸು ಐವತ್ತು ಸಲ ಹೋದರೆ ಐದು ಸಲ ಪಲ್ಟಿ ಹೊಡೆಯುತ್ತೆ ಅಂತ ಬೋರ್ಡ್ ಹಾಕಿದ್ರೆ ನೀವು ಹತ್ತುತ್ತೀರಾ?”

“ಲಾಂಚ್ ಬಸ್ಸಲ್ಲ ಮಾರಾಯ್ತಿ.”

“ಅದಕ್ಕೇ ಕೇಳ್ತಿರೋದು. ಬಸ್ಸು ಪಲ್ಟಿಯಾದ್ರೆ ಕೆಳಗೆ ನೆಲ ಆದ್ರೂ ಇರುತ್ತೆ.”

ಮಾರ್ಚ್ 7, ಶುಕ್ರವಾರ

ಏನೂ ಬರಲಿಲ್ಲ. ಕೂದಲು ಹಾರುವಷ್ಟು ಗಾಳಿಯೂ ಇರಲಿಲ್ಲ. ಭಾವ ಮನೆಗೆ ಬಂದವರೇ ಬಾಗಿಲಲ್ಲಿ ನಿಂತು ಅಂಗಿಯನ್ನು ತಾವೇ ಕೈಯಿಂದ ಪಟಪಟ ಆಡಿಸಿ ತೋರಿಸಿದರು.

ಮಾರ್ಚ್ 12, ಬುಧವಾರ

ಊಟದ ಹೊತ್ತಿಗೆ ಇದೊಂದು ರೂಢಿಯೇ ಆಗಿಬಿಟ್ಟಿದೆ. ಅಕ್ಕ ತಟ್ಟೆ ಇಡುತ್ತಾ “ಇವತ್ತು ಎಷ್ಟೇ?” ಎನ್ನುತ್ತಾಳೆ. ನಾನು “ಮೂರು” ಎನ್ನುತ್ತೇನೆ, ಇಲ್ಲವೇ “ಒಂದೂ ಇಲ್ಲ”. ನಿನ್ನೆ ಆರಿತ್ತು. ಅಮ್ಮ ತಾರಸಿಯ ಮೇಲಿನ ಹಾಸಿಗೆಗಳನ್ನೆಲ್ಲ ಒಳಗೆ ಹೊತ್ತು ತಂದಳು. ಇವತ್ತು ದಿನವಿಡೀ ಬಿಸಿಲು ಕಾಯಿತು.

“ನಿನ್ನ ಐವತ್ತು ನಾಳೆ ಕಟ್ಟಿಕೊಂಡು ನನ್ನ ಸೊಂಟ ಹೋಯ್ತು,” ಎಂದಳು ಅಮ್ಮ. “ನಮ್ಮ ಕಾಲದಲ್ಲಿ ಒಂದೇ ನಾಳೆ ಇತ್ತು. ಅದನ್ನ ಕಳೆಯೋದೇ ಸಾಕಾಗ್ತಿತ್ತು.”

ನನ್ನ ಮಾತನ್ನು ಇಷ್ಟು ಜನ ಬಾಯಿಬಿಟ್ಟುಕೊಂಡು ಕೇಳಿದ್ದು ಇದೇ ಮೊದಲು. ಬೈದರೂ ಒಂಥರಾ ಖುಷಿಯಾಗುತ್ತದೆ. ತರಗತಿಯಲ್ಲಿ ಐದು ವರ್ಷ ಕೊನೆಯ ಬೆಂಚಿನಲ್ಲಿ ಕೂತವಳು ನಾನು.

ಆದರೆ ಒಂದು ಗೊಂದಲ ಬಿಡುತ್ತಿಲ್ಲ. ಆರು ಎಂದೆ, ಬರಲಿಲ್ಲ. ನಾನು ಹೇಳಿದ್ದು ಸುಳ್ಳಾಯಿತೇ? ಐವತ್ತರಲ್ಲಿ ನಲವತ್ತನಾಲ್ಕು ಬರುವುದಿಲ್ಲ ಎಂದಿದ್ದವಲ್ಲ, ಹಾಗಾದರೆ ನಿಜವಾಯಿತೇ? ಬಂದಿದ್ದರೂ ನಿಜವೇ ಆಗುತ್ತಿತ್ತಲ್ಲ? ಹೇಗೆ ಬಿದ್ದರೂ ನಿಜವಾಗುವ ಮಾತನ್ನು ಮಾತೆನ್ನಬಹುದೇ?

ಮಾರ್ಚ್ 19, ಬುಧವಾರ

ಇವತ್ತು ಸರ್ ನನ್ನನ್ನು ಹೊಗಳಿದರು. ಬರೆದಿಟ್ಟುಕೊಳ್ಳಬೇಕಾದ ದಿನ.

‘ನಾಳೆ ಗಾಳಿ ಸಾಧಾರಣ’ ಎಂದಷ್ಟೇ ಬರೆದು ನೋಡಿದೆ. ತೀರಾ ಬೋಳಾಗಿತ್ತು. ದಿನವೂ ಅದೇ ಮಾತು, ಬಾಗಿಲು ತೆರೆದು ಮುಖ ತೋರಿಸಿ ತಕ್ಷಣ ಮುಚ್ಚಿದ ಹಾಗೆ. ಓದುವವರಿಗೆ ಏನಾದರೂ ಕೈಗೆ ಸಿಗಬೇಕಲ್ಲ ಎನ್ನಿಸಿ ಇನ್ನೊಂದು ಸಾಲು ಸೇರಿಸಿದೆ: ‘ಅಳಿವೆ ದಾಟಲು ಯಾವ ಅಡ್ಡಿಯೂ ಇಲ್ಲ.’ ಈಗ ಎರಡೂ ಸಾಲು ಒಂದರ ತೋಳಿಗೆ ಒಂದು ಒರಗಿ ನಿಂತಂತೆ ಕಂಡವು. ಸರ್ ಚೀಟಿ ಹಿಡಿದುಕೊಂಡು ಬಂದರು. “ನೋಡು, ಹೀಗಿರಬೇಕು. ಜನಕ್ಕೆ ಬೇಕಾದ್ದು ಇದು.” ಮುಖ ಬಿಸಿಯಾಯಿತು.

ಊಟಕ್ಕೆ ಕೂತಾಗ ಅಕ್ಕ ಕೇಳಿದಳು. “ಏಳು,” ಎಂದೆ.

“ಏಳಾ? ಇಷ್ಟು ದಿನ ಏಳು ಬಂದೇ ಇರಲಿಲ್ಲ!”

“ಮಧ್ಯಾಹ್ನದ ಮೇಲೆ. ಏಳೂ ಒಂದೇ ಜಾಗದಲ್ಲಿವೆ, ಅಳಿವೆಯ ಬಾಯಲ್ಲಿ. ನನಗೆ ಅದು ಯಾಕೋ ಸರಿ ಕಾಣಲಿಲ್ಲ.”

“ರೀ, ನಾಳೆ ನೀವು ಹೋಗಬೇಡಿ.”

“ಏಳಕ್ಕೆಲ್ಲ ರಜ ಹಾಕಿದ್ರೆ ನನ್ನನ್ನೇ ಮನೆಗೆ ಕಳಿಸ್ತಾರೆ.”

“ರಜ ಬೇಡ. ಬೆಳಗಿನ ಪಾಳಿಗೆ ಬದಲಾಯಿಸ್ಕೊಳ್ಳಿ. ಸೀಟಿ ಅಣ್ಣಂಗೆ ಕೇಳಿ, ಇಲ್ಲ ಅನ್ನಲ್ಲ.”

ಸೀಟಿ ಎಂದರೆ ಭಾವನ ಜೊತೆಯವರು, ಇನ್ನೊಂದು ಪಾಳಿಯ ಚಾಲಕ. ಸದಾ ಸೀಟಿ ಹೊಡೆಯುತ್ತಲೇ ಇರುತ್ತಾರೆ. ದಡದಲ್ಲಿ ನಿಂತವರಿಗೆ ಲಾಂಚಿಗಿಂತ ಮೊದಲು ಅವರ ಸೀಟಿ ಬರುತ್ತದೆ. ಭಾವ ಫೋನ್ ಮಾಡಿದರು. “ಮಧ್ಯಾಹ್ನ ಸ್ವಲ್ಪ ಮನೆ ಕೆಲಸ ಇದೆ ಮಾರಾಯ,” ಎಂದಷ್ಟೇ ಹೇಳಿದರು. ಆ ಕಡೆಯಿಂದ ಅವರು ಏನೋ ತಮಾಷೆ ಮಾಡಿರಬೇಕು, ಭಾವ ನಕ್ಕರು.

ಮಾರ್ಚ್ 20, ಗುರುವಾರ

ಬಂತು. ಮೂರು ಗಂಟೆಯ ಲಾಂಚ್ ನಡುನೀರಿನಲ್ಲಿದ್ದಾಗ.

ಯಾರೂ ನೀರಿಗೆ ಬೀಳಲಿಲ್ಲ. ಕಟ್ಟೆಗೆ ತಂದು ಕಟ್ಟುವಾಗ ಅಲೆ ಲಾಂಚನ್ನು ಎತ್ತಿ ಕಲ್ಲಿಗೆ ಒಗೆಯಿತಂತೆ. ಎರಡರ ನಡುವೆ ಸೀಟಿಯವರ ಕಾಲು ಸಿಕ್ಕಿತು. ಮೊಣಕಾಲ ಕೆಳಗಿನ ಎಲುಬು ಪುಡಿ.

ಭಾವ ಆಸ್ಪತ್ರೆಯಿಂದ ಬಂದು ಗೋಡೆಗೆ ಒರಗಿ ಕೂತರು. ಅಕ್ಕ ಒಂದೇ ಮಾತು ಅಂದಳು, “ಸದ್ಯ.” ಹಾಗೆಂದು ತಾನೇ ಬಾಯಿ ಮುಚ್ಚಿಕೊಂಡಳು.

ಮಾರ್ಚ್ 21, ಶುಕ್ರವಾರ

ಹಿಂದಿನ ದಿನಕ್ಕೆಂದು ಕಳಿಸಿದ್ದ ಸಂದೇಶ ಸರಿಯೋ ತಪ್ಪೋ ಎಂದು ಕಚೇರಿಯಲ್ಲಿ ಪ್ರತಿ ಬೆಳಗ್ಗೆ ತಾಳೆ ನೋಡುತ್ತಾರೆ. ತಾಳೆ ನೋಡುವುದು ನಮ್ಮ ಚಾವಣಿಯ ಬಟ್ಟಲುಗಳ ಲೆಕ್ಕದೊಂದಿಗೆ. ನಿನ್ನೆ ಅವು ಸಾಧಾರಣವಾಗಿಯೇ ತಿರುಗಿದ್ದವು. ಬಿರುಗಾಳಿ ಅಳಿವೆಯ ಬಾಯಿಂದ ಒಳಗೆ ನುಗ್ಗಿ, ನಮ್ಮ ಕಡೆ ತಿರುಗಿಯೂ ನೋಡದೆ ಹೋಗಿತ್ತು. ಹಲಗೆಯ ಮೇಲೆ ನನ್ನ ಸಂದೇಶದ ಎದುರಿಗೆ ಹಸಿರು ಗುರುತು ಬಿತ್ತು. ಸರಿ.

ಅದನ್ನು ನೋಡುತ್ತಾ ಎಷ್ಟು ಹೊತ್ತು ನಿಂತಿದ್ದೆನೋ. ನೆಲ ಒರೆಸುವ ಬಟ್ಟೆಯ ನೆನಪಾಯಿತು.

“ಮೇಡಂ, ಇದು ಸರಿ ಹೇಗಾಯ್ತು?”

ಕೇಳಿದ ಮೇಲೆ ಗೊತ್ತಾಯಿತು, ಜೋರಾಗಿ ಕೇಳಿದ್ದೆ. ನಾಲ್ಕು ಮೇಜು ಆಚೆಗಿನವರೂ ತಿರುಗಿದರು.

ಮೇಡಂ ನನ್ನನ್ನು ಕಿಟಕಿಯ ಹತ್ತಿರ ಕರೆದೊಯ್ದರು. “ಐವತ್ತರಲ್ಲಿ ಏಳು ಅಂದ್ರೆ, ಅಂಥ ದಿನಗಳಲ್ಲಿ ಏಳರಲ್ಲಿ ಒಂದು ದಿನ ಆಗ್ಲೇಬೇಕು. ಆಗದೇ ಇದ್ರೆ ಯಂತ್ರ ತಪ್ಪು. ನಿನ್ನೆ ಆಗಿದ್ದು ಅದು. ಲೆಕ್ಕ ತಪ್ಪಿಲ್ಲ, ನೀನೂ ತಪ್ಪಿಲ್ಲ.”

“ಹಾಗಾದರೆ ತಪ್ಪು ಯಾರದ್ದು?”

“ತಪ್ಪು ಇರಲೇಬೇಕು ಅಂತ ಯಾಕೆ ಅಂದ್ಕೊಳ್ತೀಯ?”

ನಾನು ನನ್ನ ಮೇಜಿಗೆ ವಾಪಸ್ ಬಂದೆ. ಯಂತ್ರ ಏಳು ಎಂದು ಸರಿಯಾಗಿ ಹೇಳಿತು. ನಿಯಮ ಹತ್ತಕ್ಕಿಂತ ಕಡಿಮೆಯನ್ನು ಬಿಡು ಎಂದಿತು, ಬಿಟ್ಟೆ. ಹಲಗೆ ಸರಿ ಎಂದಿತು. ಎಲ್ಲವೂ ಸರಿಯಿದ್ದು ಒಂದು ಕಾಲು ಪುಡಿಯಾಯಿತು.

‘ಯಾವ ಅಡ್ಡಿಯೂ ಇಲ್ಲ.’ ಇದನ್ನು ಯಂತ್ರ ಹೇಳಿರಲಿಲ್ಲ. ನಿಯಮವೂ ಕೇಳಿರಲಿಲ್ಲ.

ಮಾರ್ಚ್ 23, ಭಾನುವಾರ

ಭಾವನ ಜೊತೆ ಆಸ್ಪತ್ರೆಗೆ ಹೋದೆ. ಒಳಗೆ ಹೋಗುವ ಮುಂಚೆ ಭಾವ, “ನಾನು ಅವನಿಗೆ ಎಲ್ಲ ಹೇಳಿದ್ದೀನಿ. ಯಾಕೆ ಪಾಳಿ ಬದಲಾಯಿಸಿದೆ ಅಂತ,” ಎಂದರು.

ಸೀಟಿಯವರ ಕಾಲನ್ನು ಕಂಬಿಗೆ ನೇತುಹಾಕಿದ್ದರು. ನನ್ನನ್ನು ಕಂಡು ಕೈಮುಗಿದರು.

“ಬನ್ನಿ, ಬನ್ನಿ, ಹವಾಮಾನದೋರು! ಇವಳೇ, ಕುರ್ಚಿ ಕೊಡು. ಇವರು ಕೂತರೆ ಬಿಸಿಲು, ನಿಂತರೆ ಮಳೆ.”

ಅವರ ಹೆಂಡತಿ ಕುರ್ಚಿ ಕೊಟ್ಟರು. ಬೈಯುವ ದನಿಯಲ್ಲಲ್ಲ, ಬರೀ ಹೇಳುವ ದನಿಯಲ್ಲಿ ಹೇಳಿದರು: “ಅವತ್ತು ಮೋಡ ನೋಡಿ ನಾನು ಬೇಡ ಅಂದಿದ್ದೆ ಕಣಮ್ಮ. ಫೋನ್ ತೆಗೆದು ನನ್ನ ಮೂಗಿಗೇ ಹಿಡಿದ್ರು. ಯಾವ ಅಡ್ಡಿಯೂ ಇಲ್ಲ ಅಂತ ಬರೆದಿದಾರೆ ನೋಡೇ ಅಂತ.”

ನಾನು ಕಿತ್ತಳೆ ಹಣ್ಣಿನ ಚೀಲವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದೇ ಇದ್ದೆ.

“ಬಿಡೇ, ಪಾಪ, ಮಗು ಹೆದರಿಕೊಂಡಿದೆ,” ಎಂದರು ಸೀಟಿಯವರು. ಆಮೇಲೆ ನನ್ನ ಕಡೆ ತಿರುಗಿ, ನಗುತ್ತಲೇ, “ಊರಿಗೆ ಒಂದು ಸುದ್ದಿ, ನಿಮ್ಮನೆ ಊಟಕ್ಕೆ ಇನ್ನೊಂದು ಸುದ್ದಿ ಅಂತಲ್ಲ? ಕರೆದಿದ್ರೆ ನಾನೂ ಊಟಕ್ಕೆ ಬರ್ತಿದ್ನಲ್ಲಮ್ಮ,” ಎಂದರು.

ಭಾವ ಕಿಟಕಿಯಾಚೆ ನೋಡುತ್ತಿದ್ದರು. ಹೊರಡುವವರೆಗೂ ಅಲ್ಲಿ ಯಾರೂ ಸೀಟಿ ಹೊಡೆಯಲಿಲ್ಲ.

ಮಾರ್ಚ್ 25, ಮಂಗಳವಾರ

ಅಕ್ಕ ತಟ್ಟೆ ಇಡುತ್ತಾ ಎಂದಿನಂತೆ ಕೇಳಿದಳು. ನಾನು ಹೇಳುವ ಮೊದಲೇ ಭಾವ, “ನನಗೆ ಹೇಳಬೇಡ,” ಎಂದರು.

“ಯಾಕೆ ಹೇಳಬಾರದು? ಅವಳು ಹೇಳಿದ್ದಕ್ಕೇ ಇವತ್ತು ನೀವು ಎರಡು ಕಾಲಲ್ಲಿ ನಿಂತಿರೋದು.”

“ಅದಕ್ಕೇ ಬೇಡ ಅಂತಿರೋದು.”

“ನಾನೇ ಕಳಿಸಲಿಲ್ಲ ನಿಮ್ಮನ್ನ. ಇನ್ನೊಂದು ಸಲ ಹಾಗೇ ಆದ್ರೂ ಕಳಿಸಲ್ಲ. ಯಾರು ಏನಾದ್ರೂ ಅಂದ್ಕೊಳ್ಳಲಿ!”

ಅಮ್ಮ ಅಕ್ಕನ ಕೈಯಿಂದ ಸೌಟು ತೆಗೆದುಕೊಂಡು ಎಲ್ಲರಿಗೂ ತಾನೇ ಬಡಿಸಿದಳು.

ಅಕ್ಕ ಹೇಳುವುದರಲ್ಲೇನು ತಪ್ಪಿದೆ? ಭಾವ ಹೇಳುವುದರಲ್ಲೂ ತಪ್ಪಿಲ್ಲ. ನಾನೀಗ ಯಾರ ಮಾತು ಕೇಳಿದರೂ ಅದೇ ಸರಿ ಎನ್ನಿಸುವ ಸ್ಥಿತಿಗೆ ಬಂದಿದ್ದೇನೆ. ನನ್ನ ತಲೆಯಲ್ಲೂ ಐವತ್ತು ನಕ್ಷೆಗಳು ಒಟ್ಟಿಗೆ ಓಡುತ್ತಿರಬೇಕು.

ಮಾರ್ಚ್ 27, ಗುರುವಾರ

ಸರ್ ಕೋಣೆಗೆ ಹೋದೆ. ಹೋಗಬೇಕೆಂದು ಹೊರಟಿದ್ದಲ್ಲ. ನೀರಿನ ಬಾಟಲಿ ತುಂಬಿಸಲು ಎದ್ದವಳು ಅವರ ಬಾಗಿಲ ಹತ್ತಿರ ಬಂದಾಗ ಒಳಗೆ ಹೋಗಿಬಿಟ್ಟೆ.

ನಿಯಮ ಯಾಕೆ ಎಂದು ಕೇಳಿದೆ. ರೇಗುತ್ತಾರೆಂದುಕೊಂಡಿದ್ದೆ. ಕನ್ನಡಕ ತೆಗೆದಿಟ್ಟರು.

“ನೋಡಮ್ಮ. ಎರಡು ವರ್ಷದ ಹಿಂದೆ ಸಣ್ಣಪುಟ್ಟದ್ದನ್ನೂ ಬರೀತಿದ್ವಿ. ‘ಬಿರುಗಾಳಿಯ ಸಾಧ್ಯತೆ ಇದೆ’ ಅಂತ ವಾರಕ್ಕೆ ನಾಲ್ಕು ಸಲ. ಲಾಂಚಿನವರು ನಾಲ್ಕು ಸಲವೂ ಕಟ್ಟಿಹಾಕಿದ್ರು. ಗಾಳಿ ಬರಲಿಲ್ಲ. ಆಚೆ ದಡದಿಂದ ಈ ಕಡೆ ಡಯಾಲಿಸಿಸ್‌ಗೆ ಬರೋರು ಹನ್ನೆರಡು ಜನ ಇದ್ರು. ದಾಟೋಕಾಗದೆ ಒಬ್ಬಾಕೆ ಹೋಗಿಬಿಟ್ಟರು. ಅವರ ಮಗ ಇದೇ ಕುರ್ಚಿಯಲ್ಲಿ, ನೀನು ಕೂತಿದೀಯಲ್ಲ, ಅಲ್ಲೇ ಕೂತು ಕೇಳಿದ, ಎಲ್ಲಿ ಸಾರ್ ನಿಮ್ಮ ಬಿರುಗಾಳಿ ಅಂತ.”

ನಾನು ಕುರ್ಚಿಯ ತುದಿಗೆ ಸರಿದೆ.

“ಎಚ್ಚರ ಹೇಳಿದ್ರೂ ಜನ ಸಾಯ್ತಾರೆ, ಹೇಳದೇ ಇದ್ರೂ ಸಾಯ್ತಾರೆ. ಎಲ್ಲೋ ಒಂದು ಗೆರೆ ಹಾಕಬೇಕಲ್ಲ? ಐದರಲ್ಲಿ ಒಂದು ಅಂತ ಹಾಕಿದೆ. ಅದು ಸರಿಯಾದ ಗೆರೆ ಅಂತ ನಂಗೂ ಗೊತ್ತಿಲ್ಲ. ನಿನಗೆ ಗೊತ್ತಿದ್ರೆ ಹೇಳು.”

ಗೊತ್ತಿಲ್ಲ ಎಂದು ಎದ್ದು ಬಂದೆ. ಹೋಗುವಾಗ ಸಿಟ್ಟಿತ್ತು. ಬರುವಾಗ ಅದೂ ಇರಲಿಲ್ಲ. ಬಾಟಲಿಗೆ ನೀರು ತುಂಬಿಸುವುದನ್ನು ಮರೆತೆ.

ಮಾರ್ಚ್ 29, ಶನಿವಾರ

ಮನೆಗೆ ಹೋಗುವ ಮುಂಚೆ ಲಾಂಚ್ ಕಟ್ಟೆಗೆ ಹೋಗಿ ಕೂತಿದ್ದೆ. ಟಿಕೆಟ್ ಕಿಟಕಿಯ ಗಾಜಿನ ಮೇಲೆ ನನ್ನ ಇವತ್ತಿನ ವಾಕ್ಯ. ಜನ ಬರುತ್ತಾರೆ, ನಿಂತು ಓದುತ್ತಾರೆ, ಚೀಲ ಬದಲಿ ಕೈಗೆ ತೆಗೆದುಕೊಳ್ಳುತ್ತಾರೆ, ಹೋಗುತ್ತಾರೆ. ಅವರಲ್ಲಿ ಒಬ್ಬ ಹೆಂಗಸು ನನ್ನನ್ನೇ ಕೇಳಿದರು. “ನಾಳೆ ಬೆಳಗ್ಗೆ ಹೋದ್ರೂ ಆಗುತ್ತೆ, ಮಧ್ಯಾಹ್ನ ಹೋದ್ರೂ ಆಗುತ್ತೆ. ಯಾವಾಗ ಹೋಗ್ಲಿ ಅಂತ ಇದರಲ್ಲಿ ಬರೆದಿಲ್ವಲ್ಲ?”

ಹೌದಲ್ಲ, ಬರೆದಿಲ್ಲ ಎಂದೆ.

ನಡೆಯುತ್ತಾ ಮನೆಗೆ ಬಂದೆ. ಲಾಂಚ್ ಬಿಡುವುದೋ ಕಟ್ಟಿಹಾಕುವುದೋ ಎಂದಷ್ಟೇ ನಾವೆಲ್ಲ ಯೋಚಿಸಿದ್ದೆವು. ಆಕೆಗೆ ಬೇಕಿದ್ದದ್ದು ಅದಲ್ಲ. ಅಕ್ಕ ಕೇಳುತ್ತಿದ್ದದ್ದೂ ಅದಲ್ಲ. ಅಕ್ಕನಿಗೆ ಏಳು ಎಂದರೆ ಸಾಕು, ಬೆಳಗಿನ ಪಾಳಿ ಎಂದು ತಾನೇ ದಾರಿ ಹುಡುಕಿಕೊಂಡಳು. ಊರಿನಲ್ಲಿ ಅಕ್ಕನಂಥವರು ಇನ್ನೆಷ್ಟು ಜನರಿಲ್ಲ?

ಆ ಲೆಕ್ಕವನ್ನೇ ಸಂದೇಶದಲ್ಲಿ ಬರೆದರೆ ಜನ ಗಾಬರಿಯಾಗುತ್ತಾರೋ, ಒಂದೇ ವಾರದಲ್ಲಿ ಓದುವುದನ್ನೇ ಬಿಡುತ್ತಾರೋ, ಗೊತ್ತಿಲ್ಲ. ಮತ್ತೆ ಗೊತ್ತಿಲ್ಲ. ಮೇಡಂ ಅದನ್ನು ಅಷ್ಟು ಆರಾಮಾಗಿ ಹೇಗೆ ಹೇಳುತ್ತಾರೋ.

ಮಾರ್ಚ್ 31, ಸೋಮವಾರ

ಕಚೇರಿಯಲ್ಲೇ ಕೂತು ಬರೆಯುತ್ತಿದ್ದೇನೆ. ಸರ್ ಊಟದಿಂದ ಇನ್ನೂ ಬಂದಿಲ್ಲ.

ಇವತ್ತು ಒಂಬತ್ತು. ಮತ್ತೆ ಅಳಿವೆಯ ಬಾಯಲ್ಲೇ, ನಾಳೆ ಮಧ್ಯಾಹ್ನ. ಹತ್ತಕ್ಕೆ ಒಂದು ಕಡಿಮೆ. ನಾಳೆ ಮಧ್ಯಾಹ್ನದ ಪಾಳಿ ಭಾವನದು. ಸೀಟಿಯವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಬೆಳಗ್ಗೆಯೂ ಅವರೇ, ಮಧ್ಯಾಹ್ನವೂ ಅವರೇ.

ಚೀಟಿಯಲ್ಲಿ ಹೀಗೆ ಬರೆದಿದ್ದೇನೆ: ‘ನಾಳೆ ಮಧ್ಯಾಹ್ನದ ಮೇಲೆ ಅಳಿವೆಯ ಬಾಯಲ್ಲಿ ಬಿರುಗಾಳಿ ಏಳಬಹುದು. ನಮ್ಮ ಐವತ್ತು ಲೆಕ್ಕಗಳಲ್ಲಿ ಒಂಬತ್ತು ಹಾಗೆ ಹೇಳುತ್ತಿವೆ. ಏಳದೇ ಹೋಗುವುದೇ ಹೆಚ್ಚು, ಆದರೆ ಖಚಿತವಿಲ್ಲ. ಬೆಳಗ್ಗೆ ದಾಟಲು ಆಗುವವರು ಬೆಳಗ್ಗೆಯೇ ದಾಟಿ.’

ಚೆಲುವಾದ ವಾಕ್ಯಗಳಲ್ಲ. ಒಂದರ ತೋಳಿಗೆ ಒಂದು ಒರಗಿಲ್ಲ. ಊಟಕ್ಕೆ ಕೂತಾಗ ನಾನು ಹೇಳುತ್ತಿದ್ದದ್ದು ಹೀಗೆಯೇ.

ಮೇಡಂ ಓದಿದರು. ಎರಡು ಸಲ ಓದಿದರು. “ಸರ್ ಹೊಡೆದು ಹಾಕ್ತಾರೆ ಕಣೆ.”

“ಇರಬಹುದು ಮೇಡಂ.”

“ನಿನ್ನ ಕಾಯಂ ಕಾಗದ ಇದೇ ವಾರ ಅವರ ಮೇಜಿನ ಮೇಲಿದೆ.”

“ಗೊತ್ತು.”

ಮೇಡಂ ನನ್ನನ್ನು ಒಂದು ಥರ ನೋಡಿ ಚೀಟಿ ವಾಪಸ್ ಕೊಟ್ಟರು. ಯಾಕೆ ಹಾಗೆ ನೋಡಿದರೋ ತಿಳಿಯಲಿಲ್ಲ.

ಇದರಿಂದ ಒಳ್ಳೆಯದಾಗುತ್ತದೋ ಕೆಟ್ಟದ್ದಾಗುತ್ತದೋ ನನಗೆ ಗೊತ್ತಿಲ್ಲ. ಓದಿ ಯಾರಾದರೂ ಬೆಳಗ್ಗೆಯೇ ದಾಟುತ್ತಾರೋ, ಹೆದರಿ ದಾಟುವುದನ್ನೇ ಬಿಡುತ್ತಾರೋ, ನಾಳೆ ಗಾಳಿಯೇ ಬರದೆ ಭಾವ ಮತ್ತೆ ಬಾಗಿಲಲ್ಲಿ ನಿಂತು ಅಂಗಿ ಪಟಪಟ ಆಡಿಸುತ್ತಾರೋ. ಆಡಿಸಿದರೆ ಸಾಕು. ಒಂದು ಮಾತ್ರ ಬೆಳಗ್ಗೆ ತಲೆ ಬಾಚಿಕೊಳ್ಳುವಾಗ ಮನಸ್ಸಿನಲ್ಲಿ ಕೂತಿತು, ಎದ್ದು ಹೋಗುತ್ತಿಲ್ಲ. ಊರಿಗೆ ಹೋಗದ ಮಾತು ಇನ್ನು ನಮ್ಮ ಊಟಕ್ಕೂ ಬರುವುದಿಲ್ಲ. ಸರ್ ಇದನ್ನು ಹೊಡೆದುಹಾಕಿದರೆ ಇವತ್ತು ಅಕ್ಕ ತಟ್ಟೆ ಇಡುತ್ತಾ ಕೇಳಿದಾಗ ಫೋನು ನೋಡು ಎನ್ನುತ್ತೇನೆ. ಫೋನಿನಲ್ಲಿ ‘ಗಾಳಿ ಸಾಧಾರಣ’ ಎಂದಷ್ಟೇ ಇರುತ್ತದೆ. ನಾಳೆ ಭಾವ ಅದನ್ನೇ ಓದಿಕೊಂಡು ಲಾಂಚ್ ಬಿಚ್ಚುತ್ತಾರೆ.

ಹಾಗೆ ಹೇಳಿ, ಅಕ್ಕನ ಮುಖ ನೋಡುತ್ತಾ ನನಗೆ ತುತ್ತು ಇಳಿಯುವುದಿಲ್ಲ. ಆದ್ದರಿಂದ ಹೊಡೆದುಹಾಕಲು ಬಿಡುವ ಹಾಗಿಲ್ಲ.

ಸರ್ ಕೋಣೆಯ ಫ್ಯಾನು ಕಿರ್ರೆನ್ನತೊಡಗಿದೆ. ಬಂದಿದ್ದಾರೆ. ಇವತ್ತು ಚೀಟಿಯನ್ನು ಪೇಪರ್‌ವೇಟ್ ಕೆಳಗೆ ಇಡುವುದಿಲ್ಲ. ಎದುರಿಗೆ ನಿಂತು ಓದುತ್ತೇನೆ.